ಒಂದು ಎಳೆತಕ್ಕೆ ಒಂದು ತೋಟಾ: ಅಗ್ಗದ ಪ್ರೊಗ್ರೆಸಿವ್ ಪ್ರೆಸ್ ಆರಿಸುವುದರ ಹಿಂದಿನ ಭೌತಶಾಸ್ತ್ರ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ನೆಲೆಸಿ ಅಲ್ಲಿಯ ಪೌರನೇ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ಒಂದು ಪತ್ರ ಬರೆದ. ಪಿಸ್ತೂಲಿನ ಗುರಿ ಸ್ಪರ್ಧೆ ಅವನ ಹವ್ಯಾಸ. ತಿಂಗಳಿಗೆ ಸುಮಾರು ಮುನ್ನೂರು ತೋಟಾ ಬೇಕಾಗುತ್ತವೆ. ಅಲ್ಲಿಯ ಅನೇಕ ಸ್ಪರ್ಧಿಗಳಂತೆ ಅವನೂ ಖಾಲಿ ಹಿತ್ತಾಳೆ ಕವಚಗಳನ್ನು ಆರಿಸಿ ತಂದು, ಸ್ನೇಹಿತನ ಯಂತ್ರದಲ್ಲಿ ಮತ್ತೆ ತುಂಬಿಕೊಳ್ಳುತ್ತಿದ್ದ. ಒಂದು ದಿನ ಗುಂಡು ಹಾರಿಸಿದಾಗ ಎಂದಿನ ಸದ್ದಿನ ಬದಲು ಬರಿಯ ‘ಟಪ್’ ಎಂಬ ಸದ್ದು ಬಂತು. ಪಕ್ಕದಲ್ಲಿದ್ದ ಮೇಲ್ವಿಚಾರಕರು ‘ನಿಲ್ಲಿಸು’ ಎಂದು ಕೂಗಿದರು. ಬಿಚ್ಚಿ ನೋಡಿದರೆ ಗುಂಡು ನಳಿಗೆಯ ಮಧ್ಯದಲ್ಲಿ ಸಿಕ್ಕಿಕೊಂಡಿತ್ತು. ಆ ತೋಟಾಕ್ಕೆ ಮದ್ದೇ ಬಿದ್ದಿರಲಿಲ್ಲ. ಇನ್ನೊಂದು ಗುಂಡು ಹಾರಿಸಿದ್ದರೆ ನಳಿಗೆ ಉಬ್ಬಿ ಒಡೆಯಬಹುದಿತ್ತು.

ಪತ್ರದ ಕೊನೆಯಲ್ಲಿ ಅವನ ಪ್ರಶ್ನೆ ಇತ್ತು: “ಸರ್, ಈಗ ಸ್ವಂತಕ್ಕೆ ಒಂದು ಪ್ರೊಗ್ರೆಸಿವ್ ಪ್ರೆಸ್ ಕೊಳ್ಳಬೇಕು. ಹಣ ಹೆಚ್ಚಿಲ್ಲ. ಯಾವುದನ್ನು ಆರಿಸಲಿ? ವೇಗದ ಯಂತ್ರ ತಂದರೆ ಇಂತಹ ತಪ್ಪು ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ?” ನಾನು ಬಂದೂಕು ಹಿಡಿದವನಲ್ಲ. ಆದರೆ ಪ್ರಶ್ನೆ ಸನ್ನೆ, ಘರ್ಷಣೆ, ಜಡತ್ವ ಮತ್ತು ಸಂಖ್ಯಾಶಾಸ್ತ್ರಕ್ಕೆ ಸೇರಿದ್ದು. ಅವನಿಗೆ ಬರೆದ ಉತ್ತರವನ್ನು ಇಲ್ಲಿ ವಿಸ್ತರಿಸಿದ್ದೇನೆ.

ಮೊದಲೇ ಒಂದು ಮಾತು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಒಕ್ಕೂಟದ ಕಾನೂನಿನಂತೆ ಪರವಾನಗಿ ಬೇಕಿಲ್ಲ. ಮಾರಾಟಕ್ಕೆ ತಯಾರಿಸುವುದಾದರೆ ಬೇಕು. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ಇದು ಓದಿ ತಿಳಿಯುವ ವಿಷಯವೇ ಹೊರತು ಮಾಡಿ ನೋಡುವ ಪ್ರಯೋಗವಲ್ಲ.

ತೋಟಾದ ಒಳಗೆ

ಒಂದು ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕವಚ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲಿನಂತಹ ಪ್ರೈಮರ್, ಒಳಗೆ ಹೊಗೆರಹಿತ ಮದ್ದು, ಬಾಯಿಯಲ್ಲಿ ಗುಂಡು. ಒಮ್ಮೆ ಹಾರಿಸಿದ ಮೇಲೆ ಗುಂಡು, ಮದ್ದು, ಪ್ರೈಮರ್ ಮೂರೂ ಮುಗಿದವು. ಉಳಿಯುವುದು ಕವಚ ಮಾತ್ರ. ಸುಮಾರು 70 ಭಾಗ ತಾಮ್ರ, 30 ಭಾಗ ಸತುವಿರುವ ಈ ಹಿತ್ತಾಳೆಯನ್ನು ಹಲವು ಬಾರಿ ಬಳಸಬಹುದು.

ಗುಂಡು ಹಾರುವಾಗ ಕವಚ ಹಿಗ್ಗಿ ಬಂದೂಕಿನ ಕೋಣೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತದೆ. ಒತ್ತಡ ಇಳಿದಾಗ ಸ್ವಲ್ಪ ಕುಗ್ಗುತ್ತದೆ, ಆದರೆ ಮೊದಲಿನ ಗಾತ್ರಕ್ಕೆ ಮರಳುವುದಿಲ್ಲ. ಸ್ಥಿತಿಸ್ಥಾಪಕ ಮಿತಿಯನ್ನು ಅದು ದಾಟಿರುತ್ತದೆ. ಹಾಗಾಗಿ ಮತ್ತೆ ತುಂಬುವ ಮೊದಲು ಅದನ್ನು ಗಟ್ಟಿ ಅಚ್ಚಿನೊಳಗೆ, ಅಂದರೆ ಡೈನೊಳಗೆ, ಬಲವಾಗಿ ತಳ್ಳಿ ಸಪೂರ ಮಾಡಬೇಕು. ಕೈಬಂದೂಕಿನ ಕವಚಗಳು ಹೆಚ್ಚುಕಡಿಮೆ ನೇರ ಗೋಡೆಯವು. ಅವುಗಳಿಗೆ ಟಂಗ್‌ಸ್ಟನ್ ಕಾರ್ಬೈಡ್ ಉಂಗುರವಿರುವ ಡೈ ಬಳಸಿದರೆ ಎಣ್ಣೆ ಸವರುವ ಅಗತ್ಯವೂ ಇಲ್ಲ. ಹೀಗೆ ಹಿಗ್ಗಿ ಕುಗ್ಗಿ ಹಿತ್ತಾಳೆ ಪೆಡಸಾಗುತ್ತದೆ, ಕೊನೆಗೊಮ್ಮೆ ಬಾಯಿಯ ಬಳಿ ಸೀಳುತ್ತದೆ. ಅಂಥದ್ದನ್ನು ಎಸೆಯಬೇಕು.

ಒತ್ತಡ ಎಷ್ಟು? ಅಮೆರಿಕದ ತಯಾರಕರ ಮಾನಕದಂತೆ 9 ಮಿ.ಮೀ. ಲೂಗರ್ ತೋಟಾಕ್ಕೆ ಗರಿಷ್ಠ ಮಿತಿ ಚದರ ಅಂಗುಲಕ್ಕೆ 35,000 ಪೌಂಡ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು 2,400 ಪಟ್ಟು. ರಿವಾಲ್ವರಿನ .38 ಸ್ಪೆಷಲ್‌ಗೆ ಮಿತಿ 17,000 ಪೌಂಡ್. ಇನ್ನೊಂದು ಅಂಶ ನೆನಪಿಡಿ. ಮದ್ದು ಉರಿಯುವ ವೇಗ ಒತ್ತಡ ಏರಿದಂತೆ ಏರುತ್ತದೆ. ಒತ್ತಡ ಏರಿದರೆ ಬೇಗ ಉರಿಯುತ್ತದೆ, ಬೇಗ ಉರಿದರೆ ಒತ್ತಡ ಇನ್ನಷ್ಟು ಏರುತ್ತದೆ. ಮದ್ದು ಇಮ್ಮಡಿಯಾದರೆ ಒತ್ತಡ ಇಮ್ಮಡಿಗೆ ನಿಲ್ಲುವುದಿಲ್ಲ. ಗುಂಡನ್ನು ಬೇಕಾದ್ದಕ್ಕಿಂತ ಆಳಕ್ಕೆ ಕೂರಿಸಿ ಒಳಜಾಗ ಕಡಿಮೆ ಮಾಡಿದರೂ ಒತ್ತಡ ಏರುತ್ತದೆ. ಆದ್ದರಿಂದ ಮದ್ದಿನ ಅಳತೆ ಮತ್ತು ಗುಂಡಿನ ಆಳ, ಇವೆರಡರಲ್ಲಿ ಯಂತ್ರ ತಪ್ಪಬಾರದು.

ಮೂರು ಬಗೆಯ ಪ್ರೆಸ್

ತುಂಬುವ ಕೆಲಸವನ್ನು ನಾಲ್ಕು ಹಂತಗಳಾಗಿ ನೋಡಬಹುದು. ಮೊದಲನೆಯದು, ಹಳೆಯ ಪ್ರೈಮರ್ ತಳ್ಳಿ ಕವಚ ಸಪೂರ ಮಾಡಿ ಹೊಸ ಪ್ರೈಮರ್ ಕೂರಿಸುವುದು. ಎರಡನೆಯದು, ಬಾಯಿ ತುಸು ಅಗಲಿಸಿ ಮದ್ದು ಸುರಿಯುವುದು. ಮೂರನೆಯದು, ಗುಂಡು ಕೂರಿಸುವುದು. ನಾಲ್ಕನೆಯದು, ಬಾಯಿಯನ್ನು ಬಿಗಿ ಮಾಡುವುದು.

ಒಂಟಿ ಹಂತದ ಪ್ರೆಸ್‌ನಲ್ಲಿ ಒಂದು ಸಲಕ್ಕೆ ಒಂದೇ ಡೈ. ನೂರು ಕವಚಗಳಿಗೆ ಮೊದಲ ಹಂತ ಮುಗಿಸಿ, ಡೈ ಬದಲಿಸಿ, ಮತ್ತೆ ನೂರಕ್ಕೂ ಎರಡನೆಯ ಹಂತ. ಹೀಗೆ ನಾನೂರು ಎಳೆತ. ಟರೆಟ್ ಪ್ರೆಸ್‌ನಲ್ಲಿ ಡೈಗಳೆಲ್ಲ ತಿರುಗುವ ತಲೆಯಲ್ಲಿ ಕುಳಿತಿರುತ್ತವೆ, ಕವಚ ಇದ್ದಲ್ಲೇ ಇರುತ್ತದೆ. ಎಳೆತ ಇಲ್ಲಿಯೂ ನಾನೂರು, ಆದರೆ ಡೈ ಬದಲಿಸುವ ಮತ್ತು ಕವಚ ತೆಗೆದಿಡುವ ಸಮಯ ಉಳಿಯುತ್ತದೆ. ಪ್ರೊಗ್ರೆಸಿವ್ ಪ್ರೆಸ್‌ನಲ್ಲಿ ಡೈಗಳು ಸ್ಥಿರ. ಕವಚಗಳನ್ನು ಹೊತ್ತ ತಟ್ಟೆ ತಿರುಗುತ್ತದೆ. ಹಿಡಿಕೆಯನ್ನು ಒಮ್ಮೆ ಎಳೆದರೆ ನಾಲ್ಕು ಕವಚಗಳ ಮೇಲೆ ನಾಲ್ಕು ಬೇರೆ ಬೇರೆ ಕೆಲಸ ಒಟ್ಟಿಗೆ ನಡೆಯುತ್ತವೆ. ಮೊದಲ ತೋಟಾ ಹೊರಬರಲು ನಾಲ್ಕು ಎಳೆತ ಬೇಕು. ಆಮೇಲೆ ಪ್ರತಿ ಎಳೆತಕ್ಕೂ ಒಂದು. ನೂರು ತೋಟಾಗಳಿಗೆ 100 + 3 = 103 ಎಳೆತ ಸಾಕು.

ವೇಗದ ಲೆಕ್ಕ

ಜಾಹೀರಾತುಗಳಲ್ಲಿ ‘ಗಂಟೆಗೆ ಇಷ್ಟು ತೋಟಾ’ ಎಂಬ ಸಂಖ್ಯೆ ದಪ್ಪಕ್ಷರದಲ್ಲಿರುತ್ತದೆ. ಅದನ್ನು ಹೇಗೆ ಓದಬೇಕು? ಒಂದು ಎಳೆತಕ್ಕೆ 6 ಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳಿ. ನೂರಕ್ಕೆ 10 ನಿಮಿಷ. ಪ್ರೈಮರ್‌ಗಳನ್ನು ತುಂಬುವುದು, ಮದ್ದು ತೂಗಿ ನೋಡುವುದು, ಸಿದ್ಧ ತೋಟಾಗಳನ್ನು ಪರೀಕ್ಷಿಸುವುದು ಇವುಗಳಿಗೆ ನೂರಕ್ಕೆ 8 ನಿಮಿಷ ಎನ್ನೋಣ. ಒಟ್ಟು 18 ನಿಮಿಷ, ಅಂದರೆ ಗಂಟೆಗೆ ಸುಮಾರು 333. ಈಗ ದುಬಾರಿ ಯಂತ್ರ ತಂದು ಎಳೆತವನ್ನು 4 ಸೆಕೆಂಡಿಗೆ ಇಳಿಸಿದಿರಿ. ಯಂತ್ರದ ವೇಗ ಒಂದೂವರೆ ಪಟ್ಟಾಯಿತು. ಆದರೆ ಉಳಿದ 8 ನಿಮಿಷ ಹಾಗೆಯೇ ಇದೆ. ಒಟ್ಟು 14 ನಿಮಿಷ 40 ಸೆಕೆಂಡು, ಗಂಟೆಗೆ ಸುಮಾರು 409. ಲಾಭ ಶೇಕಡಾ 50 ಅಲ್ಲ, 23 ಮಾತ್ರ. ತಿಂಗಳಿಗೆ ಮುನ್ನೂರು ಬೇಕಾದವನಿಗೆ ಎರಡು ಯಂತ್ರಗಳ ನಡುವಿನ ವ್ಯತ್ಯಾಸ ತಿಂಗಳಿಗೆ 10 ನಿಮಿಷ!

ಹಣದ ಲೆಕ್ಕವೂ ಹೀಗೆಯೇ. ಅಂಗಡಿಯ ತೋಟಾಕ್ಕಿಂತ ಒಂದಕ್ಕೆ 10 ಸೆಂಟು ಉಳಿಯುತ್ತದೆ ಎಂದಿಟ್ಟುಕೊಂಡರೆ, ಯಂತ್ರಕ್ಕೆ ಹೆಚ್ಚುವರಿಯಾಗಿ ಕೊಟ್ಟ 300 ಡಾಲರ್ ಮರಳಲು 3,000 ತೋಟಾ ತುಂಬಬೇಕು. ಇವನಿಗೆ ಹತ್ತು ತಿಂಗಳು. ಪ್ರೈಮರ್ ಮತ್ತು ಮದ್ದಿನ ಬೆಲೆ ಸ್ಥಿರವೂ ಅಲ್ಲ. 2020–21ರ ಕೊರತೆಯ ದಿನಗಳಲ್ಲಿ ಪ್ರೈಮರ್ ಸಿಗುವುದೇ ಕಷ್ಟವಾಗಿತ್ತು. ಎಂತಹ ಪ್ರೆಸ್ ಇದ್ದರೂ ಅದು ಸುಮ್ಮನೆ ಕೂರಬೇಕಿತ್ತು. ಆದ್ದರಿಂದ ವೇಗವನ್ನು ಮೊದಲ ಗುಣವಾಗಿ ನೋಡಬಾರದು.

ಸನ್ನೆಯ ಬಲ, ಕೈಯ ಅರಿವು

ಹಿಡಿಕೆಯನ್ನು ಒಂದು ಕೈಯಿಂದ ಎಳೆದರೆ ಹಿತ್ತಾಳೆ ಕುಗ್ಗುವಷ್ಟು ಬಲ ಎಲ್ಲಿಂದ ಬಂತು? ಉದ್ದನೆಯ ಹಿಡಿಕೆ ಒಂದು ಕಾರಣ. ಇನ್ನೊಂದು, ಮೊಣಕಾಲಿನಂತೆ ಮಡಿಚಿ ನೇರವಾಗುವ ಎರಡು ಕೊಂಡಿಗಳು. ಈ ಮೊಣಕಾಲನ್ನು ಪಕ್ಕದಿಂದ ಒತ್ತಿದರೆ, ತುದಿಯಲ್ಲಿ ಹೊರಬರುವ ಬಲವು ಒತ್ತಿದ ಬಲವನ್ನು ಕೋನದ ಟ್ಯಾಂಜೆಂಟಿನ ಎರಡರಷ್ಟರಿಂದ ಭಾಗಿಸಿದಷ್ಟು. ಇಲ್ಲಿ ಕೋನವೆಂದರೆ ಪ್ರತಿ ಕೊಂಡಿಯು ನೇರ ರೇಖೆಯಿಂದ ಓರೆಯಾಗಿರುವ ಅಳತೆ. ಕೋನ 20 ಡಿಗ್ರಿ ಇದ್ದಾಗ ಬಲ 1.4 ಪಟ್ಟು, 5 ಡಿಗ್ರಿಯಲ್ಲಿ 5.7 ಪಟ್ಟು, 1 ಡಿಗ್ರಿಯಲ್ಲಿ 28 ಪಟ್ಟಿಗೂ ಹೆಚ್ಚು. ಎಳೆತದ ಕೊನೆಯಲ್ಲಿ ಕೊಂಡಿಗಳು ನೇರವಾಗುತ್ತಾ ಬರುವುದರಿಂದ, ಬಲ ಹೆಚ್ಚು ಬೇಕಾದಲ್ಲಿಯೇ ಹೆಚ್ಚು ಸಿಗುತ್ತದೆ.

ಈ ಅನುಕೂಲಕ್ಕೆ ಒಂದು ಬೆಲೆಯಿದೆ. ಒಂಟಿ ಹಂತದ ಪ್ರೆಸ್‌ನಲ್ಲಿ ಪ್ರೈಮರ್ ಓರೆಯಾಗಿ ಕೂತರೆ, ಗುಂಡು ಸಡಿಲವಾಗಿ ಇಳಿದರೆ ಕೈಗೆ ಗೊತ್ತಾಗುತ್ತದೆ. ಪ್ರೊಗ್ರೆಸಿವ್‌ನಲ್ಲಿ ಕೈಗೆ ತಾಕುವುದು ಎಲ್ಲ ಸ್ಥಾನಗಳ ಬಲಗಳ ಮೊತ್ತ. ಅದರಲ್ಲಿ ಕವಚ ಸಪೂರ ಮಾಡುವ ಬಲವೇ ದೊಡ್ಡದು. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸದ ಹಾಗೆ, ಬೇರೆ ಸ್ಥಾನಗಳ ಸಣ್ಣ ಸೂಚನೆಗಳು ಅದರಲ್ಲಿ ಮುಳುಗುತ್ತವೆ. ಕೈ ಕಳೆದುಕೊಂಡ ಅರಿವನ್ನು ಕಣ್ಣಿನಿಂದ ತುಂಬಿಕೊಳ್ಳಬೇಕು. ಆದ್ದರಿಂದ ಎರಡನೆಯ ಸ್ಥಾನ ದಾಟಿದ ಕವಚದ ಒಳಗೆ ಕಣ್ಣು ಹಾಯುವಂತೆ ಯಂತ್ರದ ರಚನೆ ಇದೆಯೇ, ಅಲ್ಲೊಂದು ಪುಟ್ಟ ದೀಪ ಕೂರಿಸಬಹುದೇ ಎಂಬುದನ್ನು ಕೊಳ್ಳುವವರು ಮೊದಲು ನೋಡಬೇಕು.

ತಟ್ಟೆಯ ಬಾಗುವಿಕೆಯೂ ಒಂದಿದೆ. ಒಂದು ಪಕ್ಕದಲ್ಲಿ ಮಾತ್ರ ದೊಡ್ಡ ಬಲ ಬಿದ್ದರೆ ತಟ್ಟೆ ಆ ಕಡೆಗೆ ಕೂದಲೆಳೆಯಷ್ಟು ವಾಲುತ್ತದೆ. ಹೀಗಾಗಿ ಎಲ್ಲ ಸ್ಥಾನ ತುಂಬಿದ್ದಾಗ ಗುಂಡು ಕೂರುವ ಆಳಕ್ಕೂ, ಕೆಲವು ಖಾಲಿಯಿದ್ದಾಗ ಕೂರುವ ಆಳಕ್ಕೂ ಸಣ್ಣ ವ್ಯತ್ಯಾಸ ಬರುತ್ತದೆ. ಡೈಗಳನ್ನು ತಟ್ಟೆ ತುಂಬಿದ್ದಾಗಲೇ ಹೊಂದಿಸಬೇಕೆನ್ನುವುದು ಇದಕ್ಕೇ. ಗಡುಸಾದ ಚೌಕಟ್ಟು, ಅಲುಗಾಡದ ಮೇಜು ಇದ್ದರೆ ಈ ದೋಷ ತಗ್ಗುತ್ತದೆ. ಮೇಜನ್ನು ಗೋಡೆಗೆ ಬಿಗಿಯುವುದು ಅತ್ಯಂತ ಅಗ್ಗದ ಸುಧಾರಣೆ.

ಸರಾಸರಿಯ ಮೋಸ

ಪ್ರೆಸ್‌ನ ಮೇಲಿರುವ ಅಳತೆಗಾರ ಮದ್ದನ್ನು ತೂಗುವುದಿಲ್ಲ. ಒಂದು ಗುಳಿಯಷ್ಟು ಗಾತ್ರವನ್ನು ಅಳೆದು ಸುರಿಯುತ್ತದೆ. ಗಾತ್ರ ಒಂದೇ ಆದರೂ ಕಾಳುಗಳು ಒತ್ತಾಗಿ ಕೂತರೆ ತೂಕ ಹೆಚ್ಚು, ಸಡಿಲವಾಗಿದ್ದರೆ ಕಡಿಮೆ. ಅಕ್ಕಿ ಅಳೆಯುವಾಗ ಸೇರನ್ನು ಕುಟ್ಟಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಹಿಡಿಕೆಯನ್ನು ಒಂದೇ ಲಯದಲ್ಲಿ ಎಳೆಯಬೇಕೆನ್ನುವುದು ಇದೇ ಕಾರಣಕ್ಕೆ.

ತೂಕ ಪರೀಕ್ಷಿಸಲು ಸಾಮಾನ್ಯವಾಗಿ ಹತ್ತು ಸಲ ಸುರಿದ ಮದ್ದನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸುತ್ತಾರೆ. ಇಲ್ಲಿ ಬಳಸುವ ಘಟಕ ಗ್ರೇನ್. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ತಕ್ಕಡಿಯ ಸೂಕ್ಷ್ಮತೆ 0.1 ಗ್ರೇನ್ ಇದ್ದರೆ, ಹತ್ತರ ಸರಾಸರಿ 0.01 ಗ್ರೇನ್‌ವರೆಗೆ ತಿಳಿಯುತ್ತದೆ. ಒಳ್ಳೆಯ ಉಪಾಯವೇ. ಆದರೆ ಇದರಲ್ಲೊಂದು ಮೋಸವಿದೆ.

ಲೆಕ್ಕಕ್ಕಾಗಿ ಪ್ರತಿ ತೋಟಾಕ್ಕೆ 5 ಗ್ರೇನ್ ಎನ್ನೋಣ. (ಇದು ಉದಾಹರಣೆ ಮಾತ್ರ. ನಿಜವಾದ ಅಳತೆಯನ್ನು ಮದ್ದಿನ ತಯಾರಕರ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.) ಹತ್ತರ ಮೊತ್ತ 50, ಸರಾಸರಿ 5. ಈಗ ಇನ್ನೊಂದು ಹತ್ತರ ಗುಂಪು ನೋಡಿ. ಎಂಟರಲ್ಲಿ ಸರಿಯಾಗಿ 5 ಗ್ರೇನ್. ಒಂದರಲ್ಲಿ ಎರಡು ಸಲ ಬಿದ್ದು 10. ಒಂದಕ್ಕೆ ಬೀಳಲೇ ಇಲ್ಲ, 0. ಮೊತ್ತ ಇಲ್ಲಿಯೂ 50, ಸರಾಸರಿ ಇಲ್ಲಿಯೂ 5! ಮೊದಲ ಗುಂಪಿನ ಮಾನಕ ವಿಚಲನೆ ಸೊನ್ನೆ, ಎರಡನೆಯದರದು ಸುಮಾರು 2.2 ಗ್ರೇನ್. ಮೊದಲ ಗುಂಪು ಗುರಿ ಮುಟ್ಟುತ್ತದೆ. ಎರಡನೆಯ ಗುಂಪಿನಲ್ಲಿ ಒಂದು ತೋಟಾ ಗುಂಡನ್ನು ನಳಿಗೆಯಲ್ಲಿ ಸಿಕ್ಕಿಸಬಲ್ಲದು, ಇನ್ನೊಂದು ಬಂದೂಕನ್ನೇ ಒಡೆಯಬಲ್ಲದು. ಸರಾಸರಿ ಹೇಳುವುದು ಅಳತೆಗಾರ ಸರಿಯಾಗಿ ಹೊಂದಿದೆಯೇ ಎಂಬುದನ್ನು. ಈ ಕವಚದಲ್ಲಿ ಮದ್ದು ಇದೆಯೇ ಎಂಬುದನ್ನು ಅದು ಹೇಳಲಾರದು. ಅದಕ್ಕೆ ಪ್ರತಿಯೊಂದನ್ನೂ ನೋಡುವುದೊಂದೇ ದಾರಿ.

ನೋಡುವುದು ಎಲ್ಲ ಕವಚಗಳಲ್ಲೂ ಸುಲಭವಲ್ಲ. .38 ಸ್ಪೆಷಲ್ ತೋಟಾ 19ನೆಯ ಶತಮಾನದ ಕೊನೆಯಲ್ಲಿ ಕರಿಮದ್ದಿನ ಕಾಲದಲ್ಲಿ ರೂಪುಗೊಂಡದ್ದು. ಕರಿಮದ್ದಿಗೆ ಹೆಚ್ಚು ಜಾಗ ಬೇಕು. ಇಂದಿನ ಮದ್ದು ಅದೇ ಕವಚದ ತಳದಲ್ಲಿ ಮಾತ್ರ ಕೂರುವುದರಿಂದ ಎರಡು ಸಲ ಬಿದ್ದರೂ ತುಂಬಿ ಹೊರಚೆಲ್ಲುವುದಿಲ್ಲ. ಎರಡು ಸಲ ಬಿದ್ದರೆ ಕಣ್ಣಿಗೆ ಎದ್ದು ಕಾಣುವಷ್ಟು ಜಾಗ ತುಂಬುವ ಮದ್ದನ್ನು ಕೈಪಿಡಿಯ ಪಟ್ಟಿಯಿಂದ ಆರಿಸಿಕೊಳ್ಳುವುದು ಖರ್ಚಿಲ್ಲದ ರಕ್ಷಣೆ.

ತಟ್ಟೆ ತಿರುಗುವ ಬಗೆ, ಸ್ಥಾನಗಳ ಸಂಖ್ಯೆ

ತಟ್ಟೆಯನ್ನು ಕೆಲವು ಯಂತ್ರಗಳಲ್ಲಿ ಕೈಯಿಂದ ತಿರುಗಿಸಬೇಕು. ಡಿಲನ್ ಕಂಪನಿಯ ಆರ್‌ಎಲ್ 550 ಇಂಥದ್ದು. ತಿರುಗಿಸಲು ಮರೆತು ಹಿಡಿಕೆಯನ್ನು ಮತ್ತೆ ಎಳೆದರೆ ಅದೇ ಕವಚಕ್ಕೆ ಎರಡನೆಯ ಸಲ ಮದ್ದು ಬೀಳುತ್ತದೆ. ಸ್ವಯಂಚಾಲಿತ ಯಂತ್ರದಲ್ಲಿ ಈ ಮರೆವಿಗೆ ಅವಕಾಶ ಕಡಿಮೆ. ಆದರೆ ಅಲ್ಲಿ ಬೇರೆ ಅಪಾಯವಿದೆ: ಏನೋ ಸಿಕ್ಕಿಕೊಂಡು ಎಳೆತ ಅರ್ಧಕ್ಕೆ ನಿಂತಾಗ ಯಾವ ಕವಚಕ್ಕೆ ಮದ್ದು ಬಿತ್ತು, ಯಾವುದಕ್ಕೆ ಬೀಳಲಿಲ್ಲ ಎಂಬುದು ಗೊಂದಲವಾಗುತ್ತದೆ. ಎರಡಕ್ಕೂ ಒಂದೇ ನಿಯಮ. ಎಳೆತ ಯಾವ ಕಾರಣಕ್ಕೆ ನಿಂತರೂ, ಫೋನ್ ಬಂದರೂ ಸಹ, ಮದ್ದಿನ ಸ್ಥಾನದ ಕವಚವನ್ನೂ ಅದರ ಮುಂದಿನದನ್ನೂ ತೆಗೆದು ಮದ್ದನ್ನು ಸುರಿದುಬಿಡಬೇಕು.

ತಟ್ಟೆ ಒಮ್ಮೆಗೇ ಜಿಗಿದು ನಿಂತರೆ ಜಡತ್ವದಿಂದ ಮದ್ದು ಚೆಲ್ಲುತ್ತದೆ. ಹಾರ್ನಡಿ ಕಂಪನಿಯ ಐದು ಸ್ಥಾನದ ಲಾಕ್-ಎನ್-ಲೋಡ್ ಪ್ರೆಸ್‌ನಲ್ಲಿ ತಟ್ಟೆ ಅರ್ಧ ಹೆಜ್ಜೆ ಮೇಲೇರುವಾಗ, ಅರ್ಧ ಹೆಜ್ಜೆ ಇಳಿಯುವಾಗ ತಿರುಗುತ್ತದೆ. ಒಂದೇ ದೂರವನ್ನು ಎರಡು ಸಲಕ್ಕೆ ಹಂಚಿದ್ದರಿಂದ ಕುಲುಕು ಕಡಿಮೆ.

ಐದನೆಯ ಸ್ಥಾನದ ನಿಜವಾದ ಉಪಯೋಗ ವೇಗವಲ್ಲ, ಕಾವಲು. ಅಲ್ಲಿ ಮದ್ದಿನ ಮಟ್ಟ ನೋಡುವ ಡೈ ಕೂರಿಸಬಹುದು. ಮಟ್ಟ ತಪ್ಪಿದರೆ ಡಿಲನ್‌ನ ಸಾಧನ ಸದ್ದು ಮಾಡುತ್ತದೆ. ಆರ್‌ಸಿಬಿಎಸ್ ಕಂಪನಿಯ ಲಾಕ್-ಔಟ್ ಡೈ ಯಂತ್ರವನ್ನೇ ತಡೆಯುತ್ತದೆ. ಲೆಕ್ಕ ನೋಡಿ. ಐದು ಸಾವಿರಕ್ಕೆ ಒಂದು ತಪ್ಪು ಆಗುತ್ತದೆ, ಕಾವಲು ನೂರರಲ್ಲಿ ತೊಂಬತ್ತೊಂಬತ್ತನ್ನು ಹಿಡಿಯುತ್ತದೆ ಎಂದುಕೊಂಡರೆ, ನುಸುಳುವುದು ಐದು ಲಕ್ಷಕ್ಕೆ ಒಂದು. ಇವು ಊಹೆಯ ಸಂಖ್ಯೆಗಳು, ಆದರೆ ಗುಣಾಕಾರದ ನಿಯಮ ನಿಜ. ಒಂದು ಷರತ್ತಿದೆ: ಕಾವಲು ಸ್ವತಂತ್ರವಾಗಿರಬೇಕು. ‘ಡೈ ನೋಡುತ್ತದೆ’ ಎಂದು ಕಣ್ಣು ಸುಮ್ಮನಾದರೆ ಎರಡು ಕಾವಲು ಒಂದೇ ಆಗುತ್ತವೆ.

ಪ್ರೈಮರ್‌ನ ದಾರಿ

ಅಗ್ಗದ ಯಂತ್ರಗಳ ಬಗ್ಗೆ ಹೆಚ್ಚು ದೂರು ಬರುವುದು ಇಲ್ಲಿಯೇ. ಪ್ರೈಮರ್‌ಗಳು ಇಳಿಜಾರು ದಾರಿಯಲ್ಲಿ ಒಂದರ ಹಿಂದೆ ಒಂದು ಜಾರಿ ಬರುವ ವ್ಯವಸ್ಥೆಯಲ್ಲಿ, ಕೊನೆಯದನ್ನು ಮುಂದೆ ತಳ್ಳುವುದು ಹಿಂದಿನ ಸಾಲಿನ ತೂಕ. ಸಾಲು ಚಿಕ್ಕದಾದಂತೆ ತಳ್ಳುವ ಬಲ ಕುಗ್ಗುತ್ತದೆ. ದಾರಿಯಲ್ಲಿ ಸ್ವಲ್ಪ ಧೂಳೋ ಚೆಲ್ಲಿದ ಮದ್ದೋ ಇದ್ದರೆ ಘರ್ಷಣೆ ಗೆಲ್ಲುತ್ತದೆ, ಪ್ರೈಮರ್ ಬರುವುದಿಲ್ಲ. ದಾರಿ ಚೊಕ್ಕವಾಗಿರಬೇಕು, ಸಾಲು ಬರಿದಾಗಲು ಬಿಡಬಾರದು. ನೆಟ್ಟಗೆ ನಿಂತ ಕೊಳವೆಯ ವ್ಯವಸ್ಥೆ ಹೆಚ್ಚು ನೆಚ್ಚಿಕೆಯದು. ಆದರೆ ನೂರು ಪ್ರೈಮರ್ ಒಂದರ ಮೇಲೊಂದು ಕೂತಾಗ ಒಂದು ಸಿಡಿದರೆ ಉಳಿದವೂ ಸಿಡಿಯಬಹುದು. ಅದಕ್ಕೇ ಡಿಲನ್‌ನಲ್ಲಿ ಆ ಕೊಳವೆಯ ಸುತ್ತ ಲೋಹದ ಇನ್ನೊಂದು ಕೊಳವೆ ಇರುತ್ತದೆ. ಪ್ರೈಮರ್ ಸಿಕ್ಕಿಕೊಂಡಾಗ ಬಲ ಹಾಕಿ ತಳ್ಳಬಾರದು. ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೇ ಬೇಕು. ಸಾಮಾನ್ಯ ಪ್ರೈಮರ್‌ಗಳಲ್ಲಿ ಸೀಸದ ಸಂಯುಕ್ತವಿರುವುದರಿಂದ ಕೆಲಸ ಮುಗಿದ ಮೇಲೆ ಕೈ ತೊಳೆಯುವುದನ್ನೂ ಮರೆಯಬಾರದು.

ಹಾಗಾದರೆ ಯಾವುದು?

ಅಗ್ಗದ ಕೊನೆಯಲ್ಲಿ ಲೀ ಕಂಪನಿಯ ಯಂತ್ರಗಳಿವೆ. ಪ್ರೊ 1000ಕ್ಕೆ ಮೂರು ಸ್ಥಾನ. ಕಾವಲಿನ ಡೈಗೆ ಜಾಗವಿಲ್ಲ, ಕಣ್ಣೇ ಗತಿ. ಪ್ರೊ 4000ಕ್ಕೆ ನಾಲ್ಕು ಸ್ಥಾನ. ಗುಂಡು ಕೂರಿಸುವುದನ್ನೂ ಬಾಯಿ ಬಿಗಿಯುವುದನ್ನೂ ಒಂದೇ ಡೈನಲ್ಲಿ ಮಾಡಿದರೆ ಒಂದು ಸ್ಥಾನ ಕಾವಲಿಗೆ ಸಿಗುತ್ತದೆ. ಸಿಕ್ಸ್ ಪ್ಯಾಕ್ ಪ್ರೊಗೆ ಹೆಸರೇ ಹೇಳುವಂತೆ ಆರು. ಡಿಲನ್‌ನ ಸ್ಕ್ವೇರ್ ಡೀಲ್ ಬಿ ಕೈಬಂದೂಕಿನ ತೋಟಾಗಳಿಗೆ ಮಾತ್ರ. ತಾನೇ ತಿರುಗುತ್ತದೆ, ಆದರೆ ಅದರದೇ ವಿಶೇಷ ಡೈಗಳು ಬೇಕು. 550 ಅನೇಕ ಅಳತೆಯ ತೋಟಾಗಳಿಗೆ ಒಗ್ಗುತ್ತದೆ, ಬೆಲೆ ಲೀಗಿಂತ ಗಣನೀಯವಾಗಿ ಹೆಚ್ಚು. ಬೆಲೆ ಹೋಲಿಸುವಾಗ ಡೈ, ತಟ್ಟೆ, ತಕ್ಕಡಿ, ಕ್ಯಾಲಿಪರ್ ಎಲ್ಲವನ್ನೂ ಕೂಡಿಸಿ ನೋಡಬೇಕು. ಕೆಲವು ಡೈ ಸಹಿತ ಬರುತ್ತವೆ, ಕೆಲವು ಬರುವುದಿಲ್ಲ.

ನನ್ನ ವಿದ್ಯಾರ್ಥಿಗೆ ಹೀಗೆ ಬರೆದೆ: “ನಿನಗೆ ಬೇಕಾದ್ದು 9 ಮಿ.ಮೀ. ಒಂದೇ, ತಿಂಗಳಿಗೆ ಮುನ್ನೂರು. ನಾಲ್ಕು ಅಥವಾ ಹೆಚ್ಚು ಸ್ಥಾನವಿರುವ ಅಗ್ಗದ ಯಂತ್ರ ಸಾಕು. ಉಳಿದ ಹಣದಲ್ಲಿ ಮದ್ದಿನ ಮಟ್ಟ ನೋಡುವ ಡೈ, ಒಳ್ಳೆಯ ತಕ್ಕಡಿ, ಒಂದು ದೀಪ ತೆಗೆದುಕೋ. ಮೊದಲ ನೂರು ತೋಟಾ ತುಂಬುವಾಗ ತಟ್ಟೆಯಲ್ಲಿ ಒಂದೇ ಕವಚ ಇಟ್ಟು ಎಲ್ಲ ಸ್ಥಾನ ಸುತ್ತಿಸು. ಯಾವಾಗ ಏನಾಗುತ್ತದೆಂದು ಕಣ್ಣಿಗೆ ಅಭ್ಯಾಸವಾಗಲಿ. ಆಮೇಲೆ ತಟ್ಟೆ ತುಂಬಿಸಿ ಡೈಗಳನ್ನು ಮತ್ತೆ ಹೊಂದಿಸು. ಇದು ಕಿರಿಕಿರಿ ಎನಿಸಿದರೆ ಟರೆಟ್ ಪ್ರೆಸ್ ಕೊಳ್ಳುವುದರಲ್ಲಿ ಅವಮಾನವಿಲ್ಲ. ವೇಗದ ಯಂತ್ರ ತಪ್ಪನ್ನು ಹುಟ್ಟಿಸುವುದಿಲ್ಲ. ಆದರೆ ನೀನು ನೋಡದೆ ಇದ್ದರೆ ತಪ್ಪನ್ನೂ ಅದೇ ವೇಗದಲ್ಲಿ ತಯಾರಿಸುತ್ತದೆ.”

ಅವನು ನಾಲ್ಕು ಸ್ಥಾನದ ಯಂತ್ರವನ್ನೇ ಕೊಂಡ. ಗಂಟೆಗೆ ಇನ್ನೂರಕ್ಕಿಂತ ಹೆಚ್ಚು ತುಂಬುವುದಿಲ್ಲವಂತೆ. ಪ್ರತಿ ಗುಂಡು ಇಡುವ ಮೊದಲು ಕವಚದೊಳಗೆ ನೋಡಿ ‘ಇದೆ’ ಎಂದು ಬಾಯಿಬಿಟ್ಟು ಹೇಳುವ ರೂಢಿ ಮಾಡಿಕೊಂಡಿದ್ದಾನೆ, ಅದೂ ಕನ್ನಡದಲ್ಲಿ. ಮನೆಯವರು ನಗುತ್ತಾರೆಂದು ಬರೆದಿದ್ದ.

ಅಧ್ಯಾಪಕರೇ, ಸರಾಸರಿ ಮತ್ತು ಮಾನಕ ವಿಚಲನೆಯ ಪಾಠ ಮಾಡುವಾಗ ಈ ಹತ್ತು ತೋಟಾಗಳ ಲೆಕ್ಕವನ್ನು ಔಷಧಿಯ ಮಾತ್ರೆಗಳಿಗೆ ಬದಲಾಯಿಸಿ ಕೊಡಿ: ಎಂಟು ಮಾತ್ರೆ ಸರಿ, ಒಂದರಲ್ಲಿ ಔಷಧಿಯೇ ಇಲ್ಲ, ಒಂದರಲ್ಲಿ ಇಮ್ಮಡಿ. ಸರಾಸರಿ ಸರಿಯಾಗಿದೆಯಲ್ಲ, ನುಂಗುತ್ತೀರಾ ಎಂದು ಕೇಳಿ. ಮಾನಕ ವಿಚಲನೆ ಏಕೆ ಬೇಕೆಂಬುದನ್ನು ಮಕ್ಕಳೇ ಹೇಳುತ್ತಾರೆ.